ನೀರು ನುಂಗಿ, ಕನ್ನಡಿ ನೋಡಿ

ಕುತ್ತಿಗೆಯ ಗುಳದಾಳಿ ಸರಿಪಡಿಸಿಕೊಳ್ಳುವಾಗ ಬೆರಳಿಗೆ ಸಣ್ಣ ಗಂಟೊಂದು ತಾಗುತ್ತದೆ. ‘ನೋವಿಲ್ಲಲ್ಲಾ, ಇರ್ಲಿ ಬಿಡವಾ’ ಅನ್ನುತ್ತಾರೆ ಮನೆಯವರು. ಹೆಸರು ಬಿಡಿಸಿ, ಉಳ್ಳಾಗಡ್ಡಿ ಕಿತ್ತು, ಜೋಳದ ಸುಗ್ಗಿ ಮುಗಿಯುವಷ್ಟರಲ್ಲಿ ವರ್ಷ ಸರಿದಿರುತ್ತದೆ. ಥೈರಾಯ್ಡ್ ಕ್ಯಾನ್ಸರ್ ಮೋಸ ಮಾಡುವುದು ಹೀಗೆ, ನೋಯಿಸದೆ.

ಹಾಗಂತ ಗಂಟೆಲ್ಲ ಕ್ಯಾನ್ಸರಲ್ಲ; ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ನಿರಪಾಯ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 3 ಪಟ್ಟು ಹೆಚ್ಚು. ಎಳವೆಯಲ್ಲಿ ಕುತ್ತಿಗೆಗೆ ವಿಕಿರಣ ತಾಗಿದ್ದರೆ, ಮನೆತನದಲ್ಲಿ ಯಾರಿಗಾದರೂ ಬಂದಿದ್ದರೆ ಅಪಾಯ ಏರುತ್ತದೆ. 1986ರ ಚೆರ್ನೊಬಿಲ್ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಇದು ಹೆಚ್ಚಿತು.

ಗದಗ ಜಿಲ್ಲೆಯ ಮುಂಡರಗಿ ಕಡೆ ಫ್ಲೋರೈಡ್ ನೀರಿನ ಮೇಲೆ ಅನುಮಾನ ಸಹಜ. ಆ ನೀರು ಹಲ್ಲು, ಎಲುಬು ಕೆಡಿಸುವುದು ನಿಜ. ಥೈರಾಯ್ಡ್ ಕ್ಯಾನ್ಸರಿಗೂ ಅದೇ ಕಾರಣ ಎಂಬುದು ಸಾಬೀತಾಗಿಲ್ಲ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡ ಬೇರೆ. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ಹರಳುಪ್ಪಾಗಲಿ ಪುಡಿಯುಪ್ಪಾಗಲಿ, ಅಯೋಡಿನ್ ಬೆರೆಸಿದ್ದೇ ಇರಲಿ, ಡಬ್ಬಿಗೆ ಮುಚ್ಚಳವಿರಲಿ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ. ಅದಕ್ಕಾಗಿ ಉಪ್ಪು ಹೆಚ್ಚು ತಿನ್ನಬೇಕಿಲ್ಲ.

ಕ್ಯಾನ್ಸರನ್ನು ಪೂರ್ತಿ ತಡೆಯುವ ದಾರಿಯಿಲ್ಲ, ಬೇಗ ಹಿಡಿಯುವ ದಾರಿ ಇದೆ. ಕನ್ನಡಿ ಮುಂದೆ ಗದ್ದ ತುಸು ಎತ್ತಿ ಒಂದು ಗುಟುಕು ನೀರು ನುಂಗಿ. ಗಂಟಲಮಣಿಯ ಕೆಳಗೆ ಉಬ್ಬೊಂದು ನುಂಗಿದಾಗ ಮೇಲೇರಿ ಇಳಿದರೆ ಡಾಕ್ಟರಿಗೆ ತೋರಿಸಿ. ಗಂಟು ಬೇಗ ಬೆಳೆದರೆ, ದನಿ ಒಡೆದು ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ ತಡ ಬೇಡ. ರಕ್ತ ಪರೀಕ್ಷೆ ‘ನಾರ್ಮಲ್’ ಬಂದ ಮಾತ್ರಕ್ಕೆ ಸುಮ್ಮನಾಗಬಾರದು. ಗಂಟಿನ ಗುಟ್ಟು ತಿಳಿಯುವುದು ಸ್ಕ್ಯಾನಿಂಗ್ ಮತ್ತು ಸಣ್ಣ ಸೂಜಿಯ ಪರೀಕ್ಷೆಯಿಂದ.

ಏನೂ ಇಲ್ಲದವರು ಹೆದರಿ ಸ್ಕ್ಯಾನಿಂಗಿಗೆ ಸಾಲು ನಿಲ್ಲುವುದೂ ಸಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿ 1993ರಿಂದ 2011ರೊಳಗೆ ಪ್ರಕರಣಗಳು 15 ಪಟ್ಟಾದವು, ಸಾವು ಮಾತ್ರ ಇಳಿಯಲಿಲ್ಲ.

ಕಪ್ಪತಗುಡ್ಡದ ಸೊಪ್ಪಿನ ಲೇಪ ಹಚ್ಚಿ ತಿಂಗಳುಗಟ್ಟಲೆ ಕಾಯುವ ಬದಲು ಶಿರಹಟ್ಟಿ, ಲಕ್ಷ್ಮೇಶ್ವರದವರು ಗದಗದ ಜಿಮ್ಸ್ ಆಸ್ಪತ್ರೆಗೆ ಬರಬಹುದು. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ. ಬೇಗ ಸಿಕ್ಕರೆ ಬಹುಪಾಲು ಗುಣವಾಗುವ ಕ್ಯಾನ್ಸರಿದು. ಥೈರಾಯ್ಡ್ ಗ್ರಂಥಿ ಪೂರ್ತಿ ತೆಗೆಸಿಕೊಂಡವರು ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಿ, ಮತ್ತೆ ಹೊಲದ ಹಾದಿ ಹಿಡಿಯಬಹುದು. ಸುಗ್ಗಿ ಮುಗಿಯಲಿ ಎಂದು ಕಾಯುವುದೊಂದು ಬೇಡ.