ಚಲಿಸುವ ಮನೆಯಲ್ಲಿ ಶಾಖ ಮತ್ತು ಬಿಸಿನೀರು: ಒಂದು ಐತಿಹಾಸಿಕ ವಿವೇಚನೆ

ನೆಲದಲ್ಲಿ ಬೇರೂರಿ ನಿಂತ ಮನೆಯಲ್ಲಿ ವಾಸಿಸುವವರು ಬಿಸಿನೀರನ್ನು ಕುರಿತು ಹೆಚ್ಚಾಗಿ ಆಲೋಚಿಸುವುದಿಲ್ಲ. ನಮ್ಮ ಹಳೆಯ ಮನೆಗಳ ಬಚ್ಚಲಿನ ಹಂಡೆಗೆ ಬಾವಿಯ ನೀರೂ ಹಿತ್ತಿಲಿನ ಸೌದೆಯೂ ಒದಗುತ್ತಿದ್ದುವು. ಹೊಗೆಯು ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು. ನೀರು, ಇಂಧನ, ಗಾಳಿ ಎಂಬ ಮೂರನ್ನೂ ಮನೆಯು ತಾನು ನಿಂತ ಸ್ಥಳದಿಂದಲೇ ಪಡೆಯುತ್ತಿತ್ತೆಂಬುದು ಇದರ ತಾತ್ಪರ್ಯ. ಮನೆಯೇ ಚಕ್ರಗಳನ್ನೇರಿದಾಗ ಈ ಸಂಬಂಧವು ಕಡಿದುಹೋಗುತ್ತದೆ. ನೀರನ್ನೂ ಇಂಧನವನ್ನೂ ಅಳತೆಮಾಡಿ ಹೊತ್ತೊಯ್ಯಬೇಕು; ಗಾಳಿಯು ಒಳಕ್ಕೆ ಬರುವ ಮತ್ತು ಹೊಗೆಯು ಹೊರಕ್ಕೆ ಹೋಗುವ ದಾರಿಯನ್ನು ಮೊದಲೇ ನಿಶ್ಚಯಿಸಬೇಕು. ಶೀತದೇಶಗಳಲ್ಲಿ ಇದು ಕೇವಲ ಸುಖದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಬ್ರಿಟನ್ ಮತ್ತು ಜರ್ಮನಿಗಳ ನಿದರ್ಶನಗಳನ್ನು ಮುಂದಿಟ್ಟುಕೊಂಡು, ಚಲಿಸುವ ಮನೆಯಲ್ಲಿ ಶಾಖವೂ ಬಿಸಿನೀರೂ ‘ಸಾಕಷ್ಟು’ ದೊರೆಯುವುದೆಂದರೆ ಏನೆಂಬುದನ್ನು ಇಲ್ಲಿ ವಿವೇಚಿಸೋಣ.

ಬ್ರಿಟನ್ನಿನ ರೋಮಾನಿ ಜನರು 19ನೆಯ ಶತಮಾನದ ಮಧ್ಯಭಾಗದವರೆಗೆ ಬಹುಮಟ್ಟಿಗೆ ಗುಡಾರಗಳಲ್ಲಿ ವಾಸಿಸುತ್ತಿದ್ದರು. ಆ ಬಳಿಕ ಕುದುರೆ ಎಳೆಯುವ ಮನೆಬಂಡಿಗಳು ಅವರಲ್ಲಿ ರೂಢಿಗೆ ಬಂದುವು. ‘ವಾರ್ಡೋ’ ಎಂಬುದು ಇವುಗಳ ಹೆಸರು. ಬಂಡಿಯೊಳಗೆ ಎರಕದ ಕಬ್ಬಿಣದ ಚಿಕ್ಕ ಒಲೆಯಿರುತ್ತಿತ್ತು. ಅದರ ಹೊಗೆಕೊಳವೆಯು ಚಾವಣಿಯನ್ನು ದಾಟಿ ಮೇಲಕ್ಕೆ ಹೋಗುತ್ತಿತ್ತು. ಈ ಒಲೆಯ ಸ್ಥಾನವು ಮನಬಂದಂತೆ ಆರಿಸಿದ್ದಲ್ಲ. ಬ್ರಿಟನ್ನಿನಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆಯಾದುದರಿಂದ, ರಸ್ತೆಯಂಚಿನ ಮರದ ಕೊಂಬೆಗಳಿಗೆ ಕೊಳವೆಯು ತಗುಲದಿರಲೆಂದು ಒಲೆಯನ್ನು ಬಂಡಿಯ ಬಲಭಾಗದಲ್ಲಿ ಇಡುತ್ತಿದ್ದರು. ಚಿಕ್ಕದೊಂದು ಸಂಗತಿಯಾದರೂ ಮನೆಯ ಒಳಾಂಗಣವನ್ನು ಹೊರಗಿನ ರಸ್ತೆಯೇ ರೂಪಿಸಿತೆಂಬುದನ್ನು ಇದು ತೋರಿಸುತ್ತದೆ.

ವಿಹಾರಕ್ಕಾಗಿಯೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು ‘ವಾಂಡರರ್’. ನೌಕಾಪಡೆಯಲ್ಲಿ ವೈದ್ಯರಾಗಿದ್ದು ಅನಂತರ ಲೇಖಕರಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಇದನ್ನು ಬ್ರಿಸ್ಟಲ್ ನಗರದಲ್ಲಿ ಮಾಡಿಸಿದರು. 1885ರ ಬೇಸಗೆಯಲ್ಲಿ ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಅದರಲ್ಲಿ ಪ್ರಯಾಣಮಾಡಿದರು. ಇಲ್ಲಿ ‘ಬೇಸಗೆ’ ಎಂಬ ಮಾತನ್ನು ಗಮನಿಸಬೇಕು. ವಿಹಾರಿಯು ಚಳಿ ಬಂದಾಗ ಮನೆಗೆ ಹಿಂದಿರುಗಬಲ್ಲನು. ಬಂಡಿಯೇ ಮನೆಯಾದವನಿಗೆ ಹಿಂದಿರುಗಲು ಬೇರೆ ಮನೆಯಿಲ್ಲ. ಚಲಿಸುವ ಮನೆಯ ಇತಿಹಾಸದಲ್ಲಿ ಆರಂಭದಿಂದಲೂ ಈ ಎರಡು ಧಾರೆಗಳು ಒಂದರ ಪಕ್ಕದಲ್ಲಿ ಇನ್ನೊಂದು ಹರಿದುಬಂದಿವೆ.

ಇನ್ನು ಬಿಸಿನೀರಿನ ಲೆಕ್ಕವನ್ನು ನೋಡೋಣ. ಇಂದಿನ ಮೋಟಾರು ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯು ಸಾಮಾನ್ಯವಾಗಿ 10 ಲೀಟರು ನೀರನ್ನು ಹಿಡಿಯುತ್ತದೆ. ಅದರಲ್ಲಿ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು 60 ಡಿಗ್ರಿಗೆ ಏರಿಸಿದೆವೆಂದು ಭಾವಿಸೋಣ. ಸ್ನಾನಕ್ಕೆ 40 ಡಿಗ್ರಿಯ ನೀರು ಸಾಕಾಗುವುದರಿಂದ ಇದಕ್ಕೆ ಸುಮಾರು 6.7 ಲೀಟರು ತಣ್ಣೀರನ್ನು ಬೆರೆಸಬಹುದು, ಒಟ್ಟು 16.7 ಲೀಟರು ದೊರೆಯುತ್ತದೆ. ನಿಮಿಷಕ್ಕೆ 5 ಲೀಟರು ಸುರಿಯುವ ಕೊಳಾಯಿಯ ಕೆಳಗೆ ನಿಂತರೆ ಇದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬರುತ್ತದೆ, ಅಷ್ಟೆ. ಮೈ ನೆನೆಸಿಕೊಂಡು ನೀರನ್ನು ನಿಲ್ಲಿಸಿ, ಸಾಬೂನು ಹಚ್ಚಿಕೊಂಡ ಮೇಲೆ ಮತ್ತೆ ಬಿಡುವ ಪದ್ಧತಿಯು ಇಂತಹ ಮನೆಗಳಲ್ಲಿ ರೂಢಿಯಾಗಿರುವುದಕ್ಕೆ ಈ ಲೆಕ್ಕವೇ ಕಾರಣ.

ಅಷ್ಟು ನೀರನ್ನು ಕಾಯಿಸಲು ಬೇಕಾಗುವ ಶಕ್ತಿ ಸುಮಾರು 0.58 ಕಿಲೋವ್ಯಾಟ್ ಗಂಟೆ; ವಿದ್ಯುತ್ತಿನ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಇದು ಅಲ್ಪವೆಂದು ತೋರಬಹುದು. ಆದರೆ 12 ವೋಲ್ಟಿನ, 100 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯೊಂದರಲ್ಲಿರುವುದು 1.2 ಯೂನಿಟ್ಟು. ಬ್ಯಾಟರಿಯು ಕೆಡದಿರಬೇಕಾದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸುವುದು ಕ್ಷೇಮ. ಎಂದರೆ ಒಬ್ಬರ ಸ್ನಾನಕ್ಕೆ ಇಡೀ ಬ್ಯಾಟರಿಯು ಮುಗಿದುಹೋಗುತ್ತದೆ. ಅದೇ ಕೆಲಸಕ್ಕೆ ದ್ರವೀಕೃತ ಪೆಟ್ರೋಲಿಯಂ ಅನಿಲವಾದರೆ, ನಷ್ಟವನ್ನು ಸೇರಿಸಿಕೊಂಡರೂ, 50ರಿಂದ 60 ಗ್ರಾಮು ಸಾಕು. ಲಿಥಿಯಂ ಬ್ಯಾಟರಿಗಳು ಬಂದ ಮೇಲೆ ಈ ಅಂತರವು ಕೊಂಚ ತಗ್ಗಿದೆಯಾದರೂ ಅಳಿದುಹೋಗಿಲ್ಲ. ತಂಗುದಾಣಗಳಲ್ಲಿ ಹೊರಗಿನಿಂದ ವಿದ್ಯುತ್ತು ದೊರೆಯುವುದುಂಟು. ಆದರೆ 230 ವೋಲ್ಟಿನಲ್ಲಿ 6 ಆಂಪಿಯರ್ ಮಾತ್ರ ಕೊಡುವ ಕಡೆ ಸಿಗುವುದು 1.4 ಕಿಲೋವ್ಯಾಟಿಗೂ ಕಡಿಮೆ. ನೀರು ಕಾಯಿಸುವುದು, ಅಡಿಗೆ, ಕೋಣೆಯ ಶಾಖ ಇವೆಲ್ಲವೂ ಒಟ್ಟಿಗೆ ಅದರಲ್ಲಿ ಸಾಗವು.

ಹೀಗಿರುವಲ್ಲಿ, ವಾಹನದ ಎಂಜಿನ್ನಿನ ಶಾಖವನ್ನೇ ಏಕೆ ಬಳಸಬಾರದೆಂಬ ಪ್ರಶ್ನೆಯು ಸಹಜವಾಗಿ ಹುಟ್ಟುತ್ತದೆ. ಎಂಜಿನ್ನು ಓಡುವಾಗ ಶಾಖವು ಧಾರಾಳವಾಗಿ ಹುಟ್ಟುತ್ತದೆ. ಆದರೆ ಜನರು ಮಲಗುವುದು ಅದು ನಿಂತ ಮೇಲೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಿಂದ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ವಾಸಕ್ಕೆ ಅಣಿಗೊಳಿಸತೊಡಗಿತು. ಗಾಳಿಯಿಂದ ತಣಿಯುವ ಆ ಎಂಜಿನ್ನುಗಳು ನಿಂತೊಡನೆ ಒಳಗಿನ ಶಾಖವೂ ನಿಲ್ಲುತ್ತಿತ್ತು. ಎಂಜಿನ್ನಿನ ಹಂಗಿಲ್ಲದೆ ಪೆಟ್ರೋಲನ್ನು ಉರಿಸಿ ಬಿಸಿಗಾಳಿಯನ್ನು ನೂಕುವ ಪ್ರತ್ಯೇಕ ಉಪಕರಣಗಳು ಬಳಕೆಗೆ ಬಂದುದು ಈ ಕೊರತೆಯನ್ನು ತುಂಬಿಕೊಳ್ಳಲು. ಇಂದು ಅನೇಕ ವಾಹನಗಳಲ್ಲಿರುವ ಡೀಸೆಲ್ ಹೀಟರುಗಳು ಅದೇ ವಂಶದವು.

ಅನಿಲವನ್ನು ಆರಿಸಿಕೊಂಡವರಿಗೆ ಬೇರೊಂದು ತೊಡಕು ಎದುರಾಗುತ್ತದೆ. ಸಿಲಿಂಡರಿನಲ್ಲಿರುವ ದ್ರವವು ಅನಿಲವಾಗಿ ಮಾರ್ಪಟ್ಟರೆ ಮಾತ್ರ ಒಲೆಯು ಉರಿಯುತ್ತದೆ. ಬ್ಯೂಟೇನು ಕುದಿಯುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ, ಪ್ರೊಪೇನಾದರೋ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಆದುದರಿಂದ ಹಿಮ ಬೀಳುವ ರಾತ್ರಿಯಲ್ಲಿ ಬ್ಯೂಟೇನಿನ ಸಿಲಿಂಡರು ತುಂಬಿದ್ದರೂ ನಿರುಪಯುಕ್ತವಾಗುತ್ತದೆ. ಶಾಖವು ಅತ್ಯಂತ ಅಗತ್ಯವಾದ ಹೊತ್ತಿಗೇ ಅದು ಕೈಕೊಡುತ್ತದೆ. ಚಳಿಗಾಲದಲ್ಲಿ ಪ್ರಯಾಣಮಾಡುವವರು ಪ್ರೊಪೇನನ್ನೇ ಬಳಸುವುದು ಇದರಿಂದಾಗಿಯೇ.

ಕೋಣೆಯ ಶಾಖದ ಲೆಕ್ಕವು ನೀರಿನ ಲೆಕ್ಕಕ್ಕಿಂತ ಭಿನ್ನವಾದುದು. 15 ಘನ ಮೀಟರಿನಷ್ಟು ಗಾಳಿಯನ್ನು 20 ಡಿಗ್ರಿಯಷ್ಟು ಬಿಸಿಮಾಡಲು 2 ಕಿಲೋವ್ಯಾಟಿನ ಹೀಟರಿಗೆ, ಲೆಕ್ಕದ ಪ್ರಕಾರ, ಮೂರು ನಿಮಿಷ ಸಾಕು. ಆದರೆ ತೆಳುವಾದ ಲೋಹದ ಗೋಡೆಗಳೂ ಗಾಜಿನ ಕಿಟಕಿಗಳೂ ಆ ಶಾಖವನ್ನು ಅಷ್ಟೇ ಬೇಗ ಹೊರಕ್ಕೆ ಬಿಟ್ಟುಬಿಡುತ್ತವೆ. ಕಲ್ಲಿನ ಮನೆಯು ಶಾಖವನ್ನು ಕೂಡಿಡುತ್ತದೆ, ವ್ಯಾನು ಕೂಡಿಡಲಾರದು. ರಾತ್ರಿಯಿಡೀ ಹೀಟರು ಉರಿಯುತ್ತಲೇ ಇರಬೇಕಾಗುತ್ತದೆ. 3 ಕಿಲೋವ್ಯಾಟಿನಲ್ಲಿ ಎಡೆಬಿಡದೆ ಉರಿಸಿದರೆ 11 ಕಿಲೋಗ್ರಾಮಿನ ಸಿಲಿಂಡರು ಎರಡು ದಿನವೂ ಪೂರ್ತಿ ಬರುವುದಿಲ್ಲ. ದೊಡ್ಡ ಹೀಟರನ್ನು ಕೊಳ್ಳುವುದಕ್ಕೆ ಮೊದಲು ಗೋಡೆ, ನೆಲ, ಕಿಟಕಿಗಳಿಗೆ ಶಾಖನಿರೋಧಕ ಹೊದಿಕೆಯನ್ನು ಹಾಕಿಸುವುದು ಲೇಸೆಂಬ ತೀರ್ಮಾನವು ಇದರಿಂದ ತಾನಾಗಿಯೇ ಹೊರಡುತ್ತದೆ.

ಇದೆಲ್ಲಕ್ಕಿಂತ ಗುರುತರವಾದುದು ಗಾಳಿಯ ವಿಷಯ. ಒಂದು ಕಿಲೋಗ್ರಾಮು ಪ್ರೊಪೇನು ಉರಿದಾಗ ಸುಮಾರು 1.6 ಕಿಲೋಗ್ರಾಮು ನೀರಾವಿ ಹುಟ್ಟುತ್ತದೆ. ಕೊಳವೆಯಿಲ್ಲದ ಒಲೆಯನ್ನು ಒಳಗೆ ಉರಿಸಿದರೆ ಈ ಆವಿಯು ತಣ್ಣಗಿರುವ ಗೋಡೆಗಳ ಮೇಲೆ ನೀರಾಗಿ ಇಳಿದು, ಹಾಸಿಗೆ ಹೊದಿಕೆಗಳನ್ನು ತೋಯಿಸುತ್ತದೆ. ಅಷ್ಟೇ ಆದರೆ ಸಹಿಸಬಹುದು. ಗಾಳಿಯು ಸಾಲದೆ ಉರಿಯು ಅಪೂರ್ಣವಾದಾಗ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ಗಣಿಗಳಲ್ಲಿ ಇದರ ಅಪಾಯವನ್ನು 1890ರ ದಶಕದಲ್ಲಿ ಜೆ. ಎಸ್. ಹಾಲ್ಡೇನ್ ವಿಶದಪಡಿಸಿದರು. ಚಳಿಗೆ ಹೆದರಿ ಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿದವರು ನಿದ್ರೆಯಿಂದ ಏಳದೆ ಹೋದ ದುರಂತಗಳಿಗೆ ಕಾರಣವಾದುದು ಇದೇ ಅನಿಲ. ಉರಿಯುವ ಭಾಗವನ್ನು ವಾಸದ ಕೋಣೆಯಿಂದ ಸಂಪೂರ್ಣವಾಗಿ ಬೇರ್ಪಡಿಸಿ, ಹೊರಗಿನಿಂದಲೇ ಗಾಳಿಯನ್ನು ತೆಗೆದುಕೊಂಡು ಹೊರಕ್ಕೇ ಹೊಗೆಯನ್ನು ಬಿಡುವ ಹೀಟರುಗಳು ಬಂದುದು ಈ ಇತಿಹಾಸದ ಅತ್ಯಂತ ಮುಖ್ಯವಾದ ಘಟ್ಟವೆಂದು ನಾವು ಭಾವಿಸುತ್ತೇವೆ. ಮಿಕ್ಕ ಸುಧಾರಣೆಗಳು ಸುಖವನ್ನು ಹೆಚ್ಚಿಸಿದುವು. ಇದು ಪ್ರಾಣವನ್ನು ಉಳಿಸಿತು. ಹಾಗಿದ್ದರೂ ಕಾರ್ಬನ್ ಮಾನಾಕ್ಸೈಡನ್ನು ಸೂಚಿಸುವ ಎಚ್ಚರಿಕೆಯ ಗಂಟೆಯು ಪ್ರತಿಯೊಂದು ವಾಹನದಲ್ಲಿಯೂ ಇರತಕ್ಕದ್ದು. ವಾಯುಸಂಚಾರದ ಕಿಂಡಿಗಳನ್ನು ಎಂದಿಗೂ ಮುಚ್ಚತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೂ ‘ಸಾಕಷ್ಟು ಬಿಸಿನೀರು ಯಾರಿಗೆ?’ ಎಂಬ ಪ್ರಶ್ನೆ ಉಳಿಯುತ್ತದೆ. ಪಾತ್ರೆಯು ಎಷ್ಟೇ ಚೆನ್ನಾಗಿರಲಿ, ಅದನ್ನು ತುಂಬಲು ಒಂದು ನಲ್ಲಿಯೂ, ವಾಹನವನ್ನು ನಿಲ್ಲಿಸಲು ಒಂದು ಸ್ಥಳವೂ ಬೇಕು. ಬ್ರಿಟನ್ನಿನಲ್ಲಿ 1960ರ ಕಾಯಿದೆಯು ಕ್ಯಾರವಾನ್ ನಿಲ್ಲುವ ಜಾಗಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ರೋಮಾನಿ ಜನರು ಬಹುಕಾಲದಿಂದ ತಂಗುತ್ತಿದ್ದ ಅನೇಕ ಜಾಗಗಳು ಇದರಿಂದ ಅವರ ಪಾಲಿಗೆ ಮುಚ್ಚಿಹೋದುವು. 1968ರ ಕಾಯಿದೆಯು ಅವರಿಗೆ ತಂಗುದಾಣಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1994ರಲ್ಲಿ ಆ ಹೊಣೆಯನ್ನು ತೆಗೆದುಹಾಕಲಾಯಿತು. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ಬಳಿಕ ಮನೆ ಉಳಿಸಿಕೊಳ್ಳಲಾರದೆ ವ್ಯಾನುಗಳಲ್ಲಿ ಬಾಳತೊಡಗಿದ ವೃದ್ಧರನ್ನು ಕುರಿತು ಜೆಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ವಿಹಾರಿಯ ಮೋಟಾರು ಮನೆಗೂ ಇವರ ವ್ಯಾನಿಗೂ ಇರುವ ಭೇದ ಯಂತ್ರದ್ದಲ್ಲ, ಹಿಂದಿರುಗಲು ಮನೆಯಿದೆಯೇ ಇಲ್ಲವೇ ಎಂಬುದರದು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಆಧಾರಗಳ ಸ್ವರೂಪವನ್ನೂ ಗಮನಿಸಬೇಕು. ವಿಹಾರಿಗಳು ಪ್ರವಾಸಕಥನಗಳನ್ನು ಬರೆದರು. ತಯಾರಕರು ಬೆಲೆಪಟ್ಟಿಗಳನ್ನು ಅಚ್ಚುಹಾಕಿಸಿದರು. ಅವು ಗ್ರಂಥಾಲಯಗಳಲ್ಲಿ ಉಳಿದಿವೆ. ರೋಮಾನಿ ಜನರಲ್ಲಿಯಾದರೋ ಒಡೆಯನು ತೀರಿಕೊಂಡಾಗ ಅವನ ಬಂಡಿಯನ್ನು ಸುಟ್ಟುಬಿಡುವ ಸಂಪ್ರದಾಯವಿತ್ತು. ಆ ಬಂಡಿಗಳ ಒಲೆಗಳ ಸುತ್ತ ಚಳಿಗಾಲಗಳನ್ನು ಕಳೆದವರ ಅನುಭವವು ಹೀಗೆ ಕಡತಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಉಳಿದಿರುವ ಕಾಗದಗಳನ್ನು ಮಾತ್ರ ನಂಬಿದರೆ ಚಲಿಸುವ ಮನೆಯು ಬೇಸಗೆಯ ವಿನೋದವಾಗಿ ಮಾತ್ರ ತೋರುತ್ತದೆ. ನೀರು, ಇಂಧನ, ಗಾಳಿಗಳ ಲೆಕ್ಕವನ್ನು ಚಳಿಗಾಲದ ಒಂದು ರಾತ್ರಿಗೆ ಅನ್ವಯಿಸಿ ನೋಡಿದರೆ ಆ ಮರೆಯಾದ ಬದುಕಿನ ಸ್ವರೂಪವನ್ನು ಸ್ವಲ್ಪಮಟ್ಟಿಗಾದರೂ ಊಹಿಸಿಕೊಳ್ಳಬಹುದು.