ತಾಯಿಹಾಲಿನ ಎರಡನೆಯ ಪಾಲುದಾರ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗಳಲ್ಲಿ ಬಾಣಂತನ ಆರಂಭವಾಗುವುದು ಊರಿನಿಂದ ಹಿರಿಯರೊಬ್ಬರು ಬಂದಿಳಿದ ಮೇಲೆಯೇ. ಎರಡು ವರ್ಷಗಳ ಹಿಂದೆ ನಮ್ಮ ಮಗಳು ಹುಟ್ಟಿದಾಗ ಅತ್ತೆಯವರು ಧಾರವಾಡದಿಂದ ಡೊಂಬಿವಲಿಗೆ ಬಂದರು. ಗಂಟಿನಲ್ಲಿ ಅಳವಿ, ಅಂಟು, ಒಣ ಕೊಬ್ಬರಿ. ಒಳಗೆ ಕಾಲಿಟ್ಟೊಡನೆ ಅವರ ಕಣ್ಣಿಗೆ ಬಿದ್ದುದು ಮಾತ್ರ ಅಡಿಗೆಮನೆಯ ಕಟ್ಟೆಯ ಮೇಲಿದ್ದ ಹಾಲಿನ ಪುಡಿಯ ಡಬ್ಬಿ.

"ಇದನ್ನ ಯಾರು ತರಿಸಿದ್ರಿ?" ಎಂದರು.

ತರಿಸಿದವರು ನಾವೇ. ಹಿರಿಯ ಮಗ ಹುಟ್ಟಿದಾಗ ನಮ್ಮ ಮನೆಯವರಿಗೆ ಜ್ವರ ಬಂದು, ಹಾಲು ಸಾಲದೆ, ಅವನನ್ನು ಡಬ್ಬಿಯ ಹಾಲಿನಲ್ಲಿಯೇ ಬೆಳೆಸಬೇಕಾಗಿತ್ತು. ಈ ಸಲವೂ ಹಾಗಾದರೆ ಇರಲಿ ಎಂದು ಮುಂಜಾಗ್ರತೆ ವಹಿಸಿದ್ದೆವು. ಅತ್ತೆಯವರು ಡಬ್ಬಿಯನ್ನು ತಿರುಗಿಸಿ ನೋಡಿ, "ಹೊಟ್ಟಿ ತುಂಬತದರಿ, ಖರೆ. ಆದ್ರ ತಾಯಿ ಹಾಲಿನ್ಯಾಗ ಏನೇನದ ಅಂತ ಡಬ್ಬಿಯವರಿಗೆ ಏನು ಗೊತ್ತರಿ?" ಎಂದುಬಿಟ್ಟರು. 1992ರ ಕಾಯಿದೆಯ ಮೇರೆಗೆ ಆ ಡಬ್ಬಿಯ ಮೇಲೆಯೇ ತಾಯಿಯ ಹಾಲು ಶ್ರೇಷ್ಠವೆಂದು ಅಚ್ಚು ಹಾಕಿತ್ತಾದ್ದರಿಂದ ನಮಗೆ ವಾದಿಸಲು ಎಡೆಯಿರಲಿಲ್ಲ.

ಆದರೂ ಮಾತು ಮನಸ್ಸಿನಲ್ಲಿ ಉಳಿಯಿತು. ನಾವು ಓದಿದ್ದು ಬಿ.ಎ., ಅದೂ ಚರಿತ್ರೆ. ಲೋಕಲ್ ಗಾಡಿಯಲ್ಲಿ ದಿನವೂ ಎರಡು ತಾಸು ಕಳೆಯುವವರಿಗೆ ಓದಲು ಮಾತ್ರ ವೇಳೆಗೆ ಕೊರತೆಯಿಲ್ಲ. ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಒಂದು ಲೀಟರು ತಾಯಿಹಾಲಿನಲ್ಲಿ ಸುಮಾರು 70 ಗ್ರಾಂ ಹಾಲುಸಕ್ಕರೆ, 40 ಗ್ರಾಂನಷ್ಟು ಕೊಬ್ಬು ಇರುತ್ತದೆ. ಇವೆರಡೂ ಕೂಸಿನ ಆಹಾರ. ಇವುಗಳ ಜೊತೆಗೆ 5ರಿಂದ 15 ಗ್ರಾಂವರೆಗೆ ಬೇರೊಂದು ಜಾತಿಯ ಸಕ್ಕರೆಗಳಿವೆ. ಸಕ್ಕರೆಯ ಕಣಗಳು ಮೂರೋ ಐದೋ ಕೊಂಡಿ ಕೂಡಿ ಸರಪಳಿಯಾದಂತೆ ಇವುಗಳ ರಚನೆ. ಬಗೆಗಳೋ ನೂರಕ್ಕೂ ಮಿಕ್ಕಿವೆ. ಆಕಳ ಹಾಲಿನಲ್ಲಿ ಇವು ತೀರ ಅಲ್ಪ. ಸೋಜಿಗವೆಂದರೆ ಈ ಸಕ್ಕರೆಗಳನ್ನು ಕೂಸು ಅರಗಿಸಿಕೊಳ್ಳಲಾರದು! ಬಾಣಂತಿಯ ದೇಹ ತನ್ನ ಶಕ್ತಿಯನ್ನು ಸವೆಸಿ ಕೂಸಿಗೆ ದಕ್ಕದ ಪದಾರ್ಥವನ್ನು ತಯಾರಿಸುತ್ತದೆ. ನಮ್ಮ ಕಚೇರಿಯಲ್ಲಾದರೆ ಲೆಕ್ಕ ತಪಾಸಣೆಯವರು ಒಡನೆಯೇ ಆಕ್ಷೇಪಣೆ ಬರೆಯುತ್ತಿದ್ದರು.

ಆ ಖರ್ಚು ಯಾರಿಗಾಗಿ ಎಂಬುದರ ಮೊದಲ ಸುಳಿವು ಪ್ಯಾರಿಸ್ಸಿನಲ್ಲಿ ದೊರೆಯಿತು. 1900ರ ಸುಮಾರಿಗೆ ಪಾಶ್ಚರ್ ಸಂಸ್ಥೆಯ ಆಂರಿ ಟಿಸಿಯೆ ಎಂಬ ವೈದ್ಯನು ಮೊಲೆಹಾಲುಣ್ಣುವ ಕೂಸುಗಳ ಮಲದಲ್ಲಿ ಕವಲೊಡೆದ ಕಡ್ಡಿಯಂಥ ಅಣುಜೀವಿಯನ್ನು ಕಂಡನು. ಕವಲಿನಿಂದಾಗಿ ಅದಕ್ಕೆ 'ಬಿಫಿಡಸ್' ಎಂಬ ಹೆಸರಾಯಿತು. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲ್ ಗ್ಯೋರ್ಗಿ ಮತ್ತು ಸಂಗಡಿಗರು ಇದರ ಬೆಳವಣಿಗೆಗೆ ಒದಗುವ ವಸ್ತು ತಾಯಿಹಾಲಿನಲ್ಲಿರುವ ಆ ಸಕ್ಕರೆಗಳೇ ಎಂಬುದನ್ನು ತೋರಿಸಿಕೊಟ್ಟರು. 2008ರಲ್ಲಿ ಈ ಕುಲದ 'ಇನ್ಫ್ಯಾಂಟಿಸ್' ಎಂಬ ಬಗೆಯ ಸಮಗ್ರ ಜೀನುಗಳ ನಕ್ಷೆ ಪ್ರಕಟವಾದಾಗ, ಆ ಸಕ್ಕರೆಯನ್ನು ಒಳಗೆಳೆದುಕೊಂಡು ಮುರಿದು ತಿನ್ನುವುದಕ್ಕೆಂದೇ ಮೀಸಲಾದ ಜೀನುಗಳ ಒಂದು ದೊಡ್ಡ ಗುಂಪೇ ಅದರಲ್ಲಿ ಕಂಡಿತು.

ಉಂಡ ಮನೆಗೆ ಅದು ಸಲ್ಲಿಸುವ ಬಾಡಿಗೆಯೂ ಉಂಟು. ಸಕ್ಕರೆಯನ್ನು ತಿಂದು ಅದು ಆಮ್ಲಗಳನ್ನು ಹೊರಬಿಡುತ್ತದೆ. ಕರುಳು ಹುಳಿಯಾಗಿ, ರೋಗ ತರುವ ಅನೇಕ ಅಣುಜೀವಿಗಳಿಗೆ ಅಲ್ಲಿ ನೆಲೆ ಸಿಕ್ಕುವುದು ಕಷ್ಟವಾಗುತ್ತದೆ.

ಈ ಕರಾರನ್ನು ಕುಳಿತು ಬರೆದವರು ಯಾರೂ ಇಲ್ಲ. ಹಾಲಿನಲ್ಲಿ ಇಂಥ ಸಕ್ಕರೆಯಿದ್ದ ತಾಯಂದಿರ ಕೂಸುಗಳು ಹೆಚ್ಚಾಗಿ ಬದುಕಿದುವು. ಅದನ್ನು ತಿನ್ನಬಲ್ಲ ಅಣುಜೀವಿಗಳ ಸಂತತಿ ಹೆಚ್ಚಿತು. ಹೀಗೆ ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ತಿದ್ದುತ್ತ ಬಂದರೆಂದು ವಿಜ್ಞಾನಿಗಳ ಎಣಿಕೆ. ಮುಂಬಯಿಯ ಪಗಡಿ ಬಿಡಾರಗಳನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವಾಗಲಾರದು. ಅಪ್ಪನ ಖೋಲಿ ಮಗನಿಗೆ ಬರುವಂತೆ, ತಾಯಿಯ ಕರುಳಿನ ಬಿಡಾರಿಗರಲ್ಲಿ ಕೆಲವರು ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ದಾಟುತ್ತಾರೆ. ಈ ವಾರಸುದಾರಿಕೆ ಎಷ್ಟು ಹಳೆಯದು? 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಮನುಷ್ಯ, ಚಿಂಪಾಂಜಿ, ಬೊನೊಬೊ, ಗೊರಿಲ್ಲಾ ಈ ನಾಲ್ವರ ಕರುಳಿನ ಅಣುಜೀವಿಗಳನ್ನು ಹೋಲಿಸಿ ನೋಡಿದರು. ಬಿಫಿಡಸ್ ಕುಟುಂಬದ ಕೆಲವು ವಂಶಗಳು, ಆತಿಥ್ಯ ಕೊಟ್ಟ ಪ್ರಾಣಿಗಳು ಒಂದರಿಂದೊಂದು ಅಗಲಿದ ಕಾಲದಲ್ಲಿಯೇ ತಾವೂ ಅಗಲಿದ್ದುವು. ಲಕ್ಷಾಂತರ ವರ್ಷಗಳ ಒಕ್ಕಲುತನ!

ಇಷ್ಟು ಹಳೆಯ ಒಕ್ಕಲೂ ತಪ್ಪಬಹುದೆಂಬುದೇ ಯೋಚಿಸಬೇಕಾದ ಸಂಗತಿ. ಶ್ರೀಮಂತ ದೇಶಗಳ ಬಹಳಷ್ಟು ಕೂಸುಗಳಲ್ಲಿ ಇನ್ಫ್ಯಾಂಟಿಸ್ ಈಗ ಅಪರೂಪ. ಶಸ್ತ್ರಚಿಕಿತ್ಸೆಯ ಹೆರಿಗೆ, ಪ್ರತಿಜೀವಕ ಔಷಧ, ಡಬ್ಬಿಯ ಹಾಲು ಇವೆಲ್ಲ ಅದಕ್ಕೆ ಅನುಕೂಲವಲ್ಲ. ಹೊಸ ಡಬ್ಬಿಗಳಲ್ಲಿ ಕೆಲವಕ್ಕೆ ಈ ಜಾತಿಯ ಒಂದೆರಡು ಸಕ್ಕರೆಗಳನ್ನು ಬೆರೆಸುತ್ತಾರೆ, ನೂರರಲ್ಲಿ ಒಂದೆರಡು!

ನಮ್ಮ ದೇಶದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಆಯ್ದು, ತಾಯಿಹಾಲಿನ ಜೊತೆಗೆ, ಅರ್ಧದಷ್ಟು ಕೂಸುಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ ಎಂಬ ಇನ್ನೊಂದು ಜಾತಿಯ ಅಣುಜೀವಿಯನ್ನು ಅದಕ್ಕೊಪ್ಪುವ ಸಕ್ಕರೆಯೊಡನೆ ಒಂದು ವಾರ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಕೊಡದ ಕೂಸುಗಳಲ್ಲಿ ನಂಜುರೋಗ ಅಥವಾ ಮರಣ ನೂರಕ್ಕೆ 9, ಕೊಟ್ಟವುಗಳಲ್ಲಿ 5.4. ಡಾ. ಪಿನಾಕಿ ಪಾಣಿಗ್ರಹಿ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟು ಸಣ್ಣ ಜೀವಿಗಳಿಂದ ಅಷ್ಟು ಮನೆಗಳ ತೊಟ್ಟಿಲು ಉಳಿಯಿತು.

ಇದನ್ನೆಲ್ಲ ಒಂದು ರಾತ್ರಿ ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ದೊಡ್ಡಾವಗ ನಾವು ಅನ್ಯಾಯ ಮಾಡಿದಂಗಾತೇನರಿ?" ಎಂದರು. ನಾವು ಓದುವ ಭರದಲ್ಲಿ ಈ ಪ್ರಶ್ನೆಯನ್ನು ನೆನೆದಿರಲೇ ಇಲ್ಲ. ಮತ್ತೆ ಪುಟ ತಿರುವಬೇಕಾಯಿತು. ಸುಮಾರು ಮೂರು ವರ್ಷ ತುಂಬುವ ಹೊತ್ತಿಗೆ, ಅನ್ನ, ಮಣ್ಣು, ಮನೆಮಂದಿಯ ಒಡನಾಟದಿಂದ ಮಕ್ಕಳ ಕರುಳಿನ ಅಣುಜೀವಿಗಳ ಸಮಾಜ ದೊಡ್ಡವರದನ್ನು ಹೋಲತೊಡಗುತ್ತದೆಂದು ತಿಳಿಯಿತು. ಅಲ್ಲದೆ ಜ್ವರದ ಆ ದಿನಗಳಲ್ಲಿ ಕೂಸಿನ ಪ್ರಾಣ ಉಳಿಸಿದ್ದು ಆ ಡಬ್ಬಿಯೇ. ಇದನ್ನು ಹೇಳಿದೆವು. ಅವರು ಎದ್ದುಹೋಗಿ, ಮಲಗಿದ್ದ ಮಗನ ಹೊದಿಕೆ ಸರಿಮಾಡಿ ಬಂದರು.

ಅತ್ತೆಯವರಿಗೆ ಮಾತ್ರ ಇದೆಲ್ಲ ಹೊಸದೆನಿಸಲಿಲ್ಲ. ಮುಂಜಾನೆ ಅಂಟಿನ ಉಂಡೆಯ ಡಬ್ಬಿ ತೆಗೆದು, ಮಗಳ ಕೈಗೆ ಎರಡು ಉಂಡೆ ಇಟ್ಟರು.

"ಒಂದು ಸಾಕವ್ವಾ" ಎಂದರೆ, "ಹೊಟ್ಯಾಗಿನ ಬಿಡಾರದವರಿಗೂ ಉಣಸಬೇಕಂತಲ್ಲ, ನಿನ್ನ ಗಂಡನ ಹೇಳ್ಯಾರ. ತಿನ್ನು" ಎಂದರು.