ಮೂಗಿನ ಮೇಲಿನ ಕರಿಚುಕ್ಕೆಗಳು

ನಮ್ಮ ವಿದ್ಯಾರ್ಥಿನಿಲಯದಲ್ಲಿ ಬೆಳಗಾದರೆ ಮೂಗುಜ್ಜುವವರ ಸಾಲು. ಮೂಗಿನ ಕರಿಚುಕ್ಕೆಗಳನ್ನು ಕೊಳೆಯೆಂದೇ ಎಲ್ಲರೂ ಬಗೆದಿರುವರು. ಹಳ್ಳಿಯಿಂದ ಬಂದ ನಮಗೆ ‘ಮುಖ ತೊಳೆಯಲೂ ಬಾರದವರು’ ಎಂಬ ಬಿರುದು ಬೇರೆ! ಅದು ಕೊಳೆಯಲ್ಲ. ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನುಗಳ ಪ್ರಭಾವದಿಂದ ರೋಮಕೂಪದ ಗ್ರಂಥಿ ಹೆಚ್ಚು ಜಿಡ್ಡನ್ನು ಸುರಿಸುತ್ತದೆ. ಕೂಪದೊಳಗೆ ಕಳಚಿದ ಸತ್ತ ಜೀವಕೋಶಗಳು ಅದರೊಡನೆ ಬೆರೆತು ಬಿರಡೆಯಂತೆ ಕೂರುತ್ತವೆ. ಕೂಪದ ಬಾಯಿ ತೆರೆದಿದ್ದರೆ ಬಿರಡೆಯ ತುದಿ ಗಾಳಿ ತಾಗಿ ಕಪ್ಪಾಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೂ ಅದರಲ್ಲಿರುತ್ತದೆ. ಉಜ್ಜಿದರೆ ಚರ್ಮ ಕೆಂಪಾದೀತೇ ಹೊರತು ಬಿರಡೆ ಕದಲದು. ಉಗುರಿನಿಂದ ಹಿಂಡಿದರೆ ಕಲೆಯುಳಿಯಬಹುದು. ದಿನಕ್ಕೆ 2 ಸಲ ಮೃದುವಾದ ಸಾಬೂನಿನಿಂದ ತೊಳೆದರೆ ಸಾಕು, ತಲೆಯೆಣ್ಣೆ ಮುಖಕ್ಕಿಳಿಯಬಾರದು. ಸ್ಯಾಲಿಸಿಲಿಕ್ ಆಮ್ಲದ ಲೇಪ ಬಿರಡೆಯನ್ನು ಸಡಿಲಿಸುತ್ತದೆ. ಅದಕ್ಕೂ ಮಣಿಯದಿದ್ದರೆ ವೈದ್ಯರು ಅಡಾಪಲೀನ್ ಲೇಪವನ್ನು ಬರೆದುಕೊಡುವುದುಂಟು. ಗುಣ ಕಾಣಲು 8ರಿಂದ 12 ವಾರಗಳಾದರೂ ಬೇಕು. ಅಷ್ಟರಲ್ಲಿ ನಮ್ಮ ಪರೀಕ್ಷೆಯೇ ಮುಗಿದಿರುತ್ತದೆ!